ಅಲಗು ಎಲ್ಲಿಯದೋ, ಹಿಡಿ ಎಲ್ಲಿಯದೋ

ಹಳೇ ಕತ್ತಿಗಳನ್ನು ಇಷ್ಟಪಡುವವರ ನಡುವೆ ಜಪಾನಿನ ಕತ್ತಿಗೆ ಯಾವಾಗಲೂ ಮೊದಲ ಮರ್ಯಾದೆ. ಆಮೇಲೆ ಇರಾನಿನ ಶಂಶೀರ್, ನಮ್ಮ ಕಡೆಯ ತಲವಾರು, ಇಂಡೋನೇಷ್ಯಾದ ಕ್ರಿಸ್. ವಿಯೆಟ್ನಾಮಿನ ಕತ್ತಿಯ ಮಾತೆತ್ತಿದರೆ ಹಲವರು ತಲೆಯಾಡಿಸಿ, "ಚೆನ್ನಾಗಿದೆ, ಆದರೆ ಬೆರಕೆ" ಅನ್ನುತ್ತಾರೆ. ಅಲಗು ಫ್ರಾನ್ಸಿನದು, ಹಿಡಿಗೂ ಅಲಗಿಗೂ ನಡುವೆ ಕೈ ಕಾಯುವ ಬಿಲ್ಲೆ ಜಪಾನಿನ ರೀತಿಯದು, ಒರೆಯ ಮೇಲಿನ ಚಿತ್ರ ಚೀನಾದ ಕಥೆಯದು. ಹಾಗಾದರೆ ಇದರಲ್ಲಿ ವಿಯೆಟ್ನಾಮಿನದು ಅಂತ ಏನಿದೆ ಎಂದು ಅವರ ಪ್ರಶ್ನೆ.

ನನಗೆ ಈ ಕತ್ತಿಗಳು ಹಿಡಿಸಿದ್ದೇ ಆ ಬೆರಕೆಯ ಕಾರಣಕ್ಕೆ. ಯಾವ ಭಾಗ ಎಲ್ಲಿಂದ ಬಂತು, ಅದನ್ನು ಇನ್ನೊಂದರ ಜೊತೆ ಕೂಡಿಸಿದವರು ಯಾರು, ಹೇಗೆ ಕೂಡಿಸಿದರು ಅಂತ ಹುಡುಕುವುದರಲ್ಲೇ ಈ ಹವ್ಯಾಸದ ಖುಷಿ ಇದೆ. ಇದರ ಬಗ್ಗೆ ಕನ್ನಡದಲ್ಲಿ ನಿಧಾನವಾಗಿ ಬರೆಯಬೇಕು ಅಂತ ಬಹಳ ದಿನದಿಂದ ಆಸೆ ಇತ್ತು.

ನಾನಿರುವುದು ಪ್ಯಾರಿಸ್ ಹತ್ತಿರದ ಒಂದು ಊರಿನಲ್ಲಿ. ಇಲ್ಲಿ ಹಳೇ ಸಾಮಾನು ಹರಾಜಿಗೆ ಬರುವ ಮುಂಚೆ ಅದನ್ನು ಎಲ್ಲರೂ ನೋಡಲಿ ಅಂತ ಇಡುತ್ತಾರೆ. ಕೊಳ್ಳಲೇಬೇಕು ಅಂತೇನಿಲ್ಲ. ವಿನಯದಿಂದ ಕೇಳಿದರೆ ಗಾಜಿನ ಕಪಾಟಿನ ಬೀಗ ತೆಗೆದು ಕೈಗೂ ಕೊಡುತ್ತಾರೆ. ನಾನು ಕತ್ತಿಯ ಪಾಠ ಕಲಿತದ್ದು ಆ ಕೋಣೆಗಳಲ್ಲೇ. ಮ್ಯೂಸಿಯಂನಲ್ಲಿ ಗಾಜಿನ ಈಚೆ ನಿಂತರೆ ಕತ್ತಿಯ ಅರ್ಧ ಮಾತ್ರ ತಿಳಿಯುತ್ತದೆ. ತೂಕ ಎಲ್ಲಿ ನಿಲ್ಲುತ್ತದೆ, ಹಿಡಿ ಅಂಗೈಗೆ ಹೇಗೆ ಕೂರುತ್ತದೆ, ಒರೆಯಿಂದ ಅಲಗು ತಡೆಯಿಲ್ಲದೆ ಬರುತ್ತದೆಯಾ, ಇವೆಲ್ಲ ಕೈಗೇ ತಿಳಿಯಬೇಕಾದ ವಿಷಯ.

ಫ್ರಾನ್ಸಿನಲ್ಲಿ ಇಷ್ಟೊಂದು ವಿಯೆಟ್ನಾಮಿ ಕತ್ತಿ ಯಾಕಿವೆ ಅನ್ನುವುದು ಸುಖದ ಕಥೆಯಲ್ಲ. 1858ರಲ್ಲಿ ಫ್ರೆಂಚ್ ಹಡಗುಗಳು ದಾ ನಾಂಗ್ ಬಂದರಿನ ಮೇಲೆ ದಾಳಿ ಮಾಡಿದವು. ಮರು ವರ್ಷ ಸೈಗಾನ್ ಕೋಟೆ ಬಿತ್ತು. 1880ರ ದಶಕದಲ್ಲಿ ಉತ್ತರದ ಟೊಂಕಿನ್ ಸೀಮೆಗೆ ಸಾವಿರಾರು ಸಿಪಾಯಿಗಳು ಹೋದರು. ಅವರ ಹಿಂದೆಯೇ ಅಧಿಕಾರಿಗಳು, ಡಾಕ್ಟರುಗಳು, ವ್ಯಾಪಾರಿಗಳು ಹೋದರು. ಮನೆಗೆ ಮರಳುವಾಗ ಪೆಟ್ಟಿಗೆಯಲ್ಲಿ ಒಂದು ಕತ್ತಿ ತಂದವರು ಬಹಳ ಮಂದಿ. ಕೆಲವು ಯುದ್ಧದಲ್ಲಿ ಕಿತ್ತುಕೊಂಡವು, ಕೆಲವು ಉಡುಗೊರೆ ಬಂದವು, ಇನ್ನು ಕೆಲವು ಹನೋಯ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡವು. ಮುತ್ತಾತನ ಕಾಲದ ಆ ಕತ್ತಿ ಈಗಿನ ಮೊಮ್ಮಕ್ಕಳಿಗೆ ಬೇಡ. ಹರಾಜಿನ ಪಟ್ಟಿಯಲ್ಲಿ ಅದಕ್ಕೆ "ಮ್ಯಾಂಡರಿನ್ ಕತ್ತಿ", ಅಂದರೆ ದೊರೆಯ ಅಧಿಕಾರಿಯ ಕತ್ತಿ, ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ. ಯಾರದು, ಯಾವ ಊರಿನದು, ಹೇಗೆ ಬಂತು ಅನ್ನುವುದು ಅದರಲ್ಲಿ ಇರುವುದಿಲ್ಲ. ಆಗ ಕತ್ತಿಯನ್ನೇ ಓದಬೇಕು.

ಎರಡು ರೂಪಗಳು ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಒಂದಕ್ಕೆ ಸಂಗ್ರಾಹಕರು ಗುವೊಮ್ ಅನ್ನುತ್ತಾರೆ. ಒಂದೇ ಕಡೆ ಹರಿತ, ಸ್ವಲ್ಪ ಬಾಗಿದ ಅಲಗು, ಚಿಕ್ಕ ಬಿಲ್ಲೆ, ಉದ್ದನೆಯ ದುಂಡು ಹಿಡಿ. ಬೇಕಾದರೆ ಎರಡು ಕೈಯಲ್ಲೂ ಹಿಡಿಯಬಹುದು. ಇನ್ನೊಂದು ಕಿಯೆಮ್. ಈ ಹೆಸರಿನಲ್ಲಿ ನೇರವಾದ ಇಬ್ಬಾಯಿಯ ಕತ್ತಿಯೂ ಬರುತ್ತದೆ, ಅಧಿಕಾರಿಗಳು ಸೊಂಟಕ್ಕೆ ಕಟ್ಟುತ್ತಿದ್ದ ತೆಳು ಅಲಗಿನ ಕತ್ತಿಯೂ ಬರುತ್ತದೆ. ಈ ಎರಡನೆಯದರಲ್ಲಿ ಬೆರಳುಗಳನ್ನು ಕಾಯಲು ಬಿಲ್ಲೆಯಿಂದ ಹಿಡಿಯ ತುದಿಯವರೆಗೆ ಬಾಗಿದ ಒಂದು ಪಟ್ಟಿ ಇರುತ್ತದೆ. ತುದಿಯಲ್ಲಿ ಸಿಂಹದ ತಲೆಯೋ ಡ್ರ್ಯಾಗನ್ ತಲೆಯೋ ಇರುತ್ತದೆ. ಆ ಪಟ್ಟಿಯ ವಿನ್ಯಾಸ ಯುರೋಪಿನ ಸಿಪಾಯಿ ಕತ್ತಿಗಳಿಂದ ಬಂದದ್ದು. ತುದಿಯ ತಲೆಯ ಕುಸುರಿ ಮಾತ್ರ ಅಲ್ಲಿನ ಅಕ್ಕಸಾಲಿಯದೇ. ಹೆಸರುಗಳ ಗಡಿ ಅಷ್ಟೇನೂ ಗಟ್ಟಿಯಲ್ಲ, ಮಾತಿನಲ್ಲಿ ಎರಡೂ ಅದಲುಬದಲಾಗುತ್ತವೆ. ಹೆಸರಿಗಾಗಿ ಜಗಳ ಆಡುವವರನ್ನು ಕಂಡರೆ ನಾನು ಸುಮ್ನೆ ಪಕ್ಕಕ್ಕೆ ಸರಿಯುತ್ತೇನೆ.

ಈ ಕತ್ತಿಗಳ ನಿಜವಾದ ಸೊಗಸು ಇರುವುದು ಒರೆಯಲ್ಲಿ. ಅಲಗಿಗಿಂತ ಒರೆ ಮುಖ್ಯ ಅಂದರೆ ಜಪಾನಿ ಕತ್ತಿಯ ಅಭಿಮಾನಿಗಳು ಒಪ್ಪುವುದಿಲ್ಲ. ಆದರೆ ನ್ಗುಯೆನ್ ರಾಜಮನೆತನದ ಕಾಲದ ಒಂದು ಒಳ್ಳೆಯ ಒರೆಯನ್ನು ಬೆಳಕಿಗೆ ತಿರುಗಿಸಿ ನೋಡಿ. ಗಾಢ ಕೆಂಪು ಮರ. ಅದರೊಳಗೆ ಹುದುಗಿಸಿದ ಚಿಪ್ಪಿನ ಹೂಬಳ್ಳಿ. ಒಂದು ಕಡೆಯಿಂದ ಹಸಿರು, ಸ್ವಲ್ಪ ತಿರುಗಿಸಿದರೆ ಗುಲಾಬಿ, ಇನ್ನೂ ತಿರುಗಿಸಿದರೆ ನೇರಳೆ. ಎಲೆಯ ನರಗಳನ್ನೂ ಚಿಟ್ಟೆಯ ರೆಕ್ಕೆಯ ಗೆರೆಗಳನ್ನೂ ಚಿಪ್ಪಿನ ಮೇಲೇ ಕೊರೆದು, ಆ ಗೆರೆಗೆ ಕಪ್ಪು ತುಂಬಿರುತ್ತಾರೆ. ಕೆಲವು ಒರೆಗಳ ಮೇಲೆ ಬಾವಲಿ ಇರುತ್ತದೆ. ಚೀನಾ, ವಿಯೆಟ್ನಾಮ್ ಕಡೆ ಬಾವಲಿ ಅಂದರೆ ಭಾಗ್ಯದ ಗುರುತು. ಇನ್ನು ಕೆಲವದರ ಮೇಲೆ ಚೀನಾದ ಹಳೇ ಕಥೆಗಳ ವೀರರು ಕುದುರೆ ಏರಿ ಹೊರಟಿರುತ್ತಾರೆ.

ಈ ಕೆಲಸಕ್ಕೆ ಹೆಸರಾದ ಊರು ಹನೋಯ್‌ನ ದಕ್ಷಿಣಕ್ಕಿರುವ ಚುವಾನ್ ನ್ಗೊ. ಅಲ್ಲಿ ಇವತ್ತಿಗೂ ಮನೆಮನೆಯಲ್ಲಿ ಚಿಪ್ಪು ಕೊಯ್ಯುತ್ತಾರೆ. ನದಿಯ ದೊಡ್ಡ ಚಿಪ್ಪು, ಸಮುದ್ರದ ಹಸಿರು ಬಸವನಹುಳುವಿನ ಚಿಪ್ಪು, ಅಬಲೋನ್ ಚಿಪ್ಪು, ಒಂದೊಂದಕ್ಕೆ ಒಂದೊಂದು ಬಣ್ಣ. ಮೊದಲು ಚಿಪ್ಪನ್ನು ತೇದು ಹಾಳೆ ಮಾಡಬೇಕು. ತೀರಾ ಸಣ್ಣ ಗರಗಸದಲ್ಲಿ ಚಿತ್ರದ ಆಕಾರಕ್ಕೆ ಕತ್ತರಿಸಬೇಕು. ಮರದಲ್ಲಿ ಅಷ್ಟೇ ಆಳದ, ಅಷ್ಟೇ ಆಕಾರದ ಗುಳಿ ತೋಡಬೇಕು. ಮರದ ಹಾಲಿನಿಂದ ಮಾಡಿದ ಅರಗಿನಲ್ಲಿ ಅಂಟಿಸಿ, ಒಣಗಿಸಿ, ಉಜ್ಜಿ, ಕೊನೆಗೆ ಗೆರೆ ಕೊರೆಯಬೇಕು. ಬಾಗಿದ ಒರೆಯ ಮೇಲೆ ಇದನ್ನು ಮಾಡುವುದು ಸಪಾಟಾದ ಪೆಟ್ಟಿಗೆಯ ಮೇಲೆ ಮಾಡಿದಷ್ಟು ಸುಲಭವಲ್ಲ. ಚಿಪ್ಪು ಬಾಗುವುದಿಲ್ಲ, ಒಡೆಯುತ್ತದೆ. ಹಾಗಾಗಿ ಬಳ್ಳಿಯನ್ನು ಚಿಕ್ಕ ಚಿಕ್ಕ ತುಂಡುಗಳಲ್ಲಿ ಕೂಡಿಸುತ್ತಾರೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದು ತುಂಡು ಮುಗಿದು ಇನ್ನೊಂದು ಶುರುವಾಗುವ ಜಾಗ ಕಾಣುತ್ತದೆ. ಒಳ್ಳೆಯ ಕೆಲಸಗಾರ ಆ ಕೂಡುಗೆರೆಯನ್ನು ಎಲೆಯ ತೊಟ್ಟಿನ ಹತ್ತಿರ ಅಡಗಿಸಿರುತ್ತಾನೆ.

ಇಲ್ಲಿ ಮೈಸೂರು ನೆನಪಾಗದೇ ಇರದು. ನಮ್ಮ ಬೀಟೆ ಮರದ ಇನ್‌ಲೇ ಕೆಲಸ ನೋಡಿ ಬೆಳೆದವರಿಗೆ ಈ ಒರೆಗಳ ಮರ ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸುತ್ತದೆ. ಅದು ಸುಮ್ನೆ ಅನ್ನಿಸುವುದಲ್ಲ. ವಿಯೆಟ್ನಾಮಿನವರು ಈ ಕೆಲಸಕ್ಕೆ ಬಳಸುವ ಚಾಕ್ ಮರವೂ ನಮ್ಮ ಬೀಟೆಯೂ ಡಾಲ್ಬರ್ಜಿಯಾ ಅನ್ನುವ ಒಂದೇ ಕುಲದ ಮರಗಳು. ಗಟ್ಟಿ, ಎಣ್ಣೆಯಂಶದ, ಹಳತಾದಷ್ಟೂ ಕಪ್ಪಾಗುವ ಮರ. ಎರಡೂ ನಾಡಿನ ಕೆಲಸಗಾರರು ಅದೇ ಮರವನ್ನು ಹುಡುಕಿ, ಅದರೊಳಗೆ ಬೆಳ್ಳಗಿನ ಚಿತ್ರ ಕೂರಿಸಬೇಕು ಅಂತ ಯೋಚಿಸಿದ್ದಾರೆ.

ಹನೋಯ್‌ನ ಹಳೇ ಪೇಟೆಯಲ್ಲಿ ಬೀದಿಗಳಿಗೆ ಕಸುಬಿನ ಹೆಸರು. ಲೋ ರೆನ್ ಕಮ್ಮಾರರ ಬೀದಿ. ಹಾಂಗ್ ಬಾಕ್ ಬೆಳ್ಳಿ ಕೆಲಸದವರ ಬೀದಿ. ಹಾಂಗ್ ಖಾಯ್ ಚಿಪ್ಪಿನ ಕೆಲಸದವರದು. ಫ್ರೆಂಚರು ಅದಕ್ಕೆ ತಮ್ಮ ಭಾಷೆಯಲ್ಲೂ ಚಿಪ್ಪು ಕೂರಿಸುವವರ ಬೀದಿ ಅಂತಲೇ ಹೆಸರಿಟ್ಟಿದ್ದರು. ಕಬ್ಬಿಣ, ಬೆಳ್ಳಿ, ಚಿಪ್ಪು. ಒಂದು ಅಂದದ ಕತ್ತಿಗೆ ಬೇಕಾದ ಮೂರೂ ಕಸುಬು ನಡೆದು ಹೋಗುವಷ್ಟು ದೂರದಲ್ಲಿ ಇದ್ದವು. ಕತ್ತಿ ಅಂದರೆ ಒಬ್ಬ ಮಹಾ ಕಮ್ಮಾರನ ಸೃಷ್ಟಿ ಅನ್ನುವ ಕಲ್ಪನೆ ಇಲ್ಲಿ ಹೊಂದುವುದಿಲ್ಲ. ಕಮ್ಮಾರ ಅಲಗು ಕೊಡುತ್ತಾನೆ, ಬಡಗಿ ಎರಡು ಹೋಳು ಮರ ಕೂಡಿಸಿ ಒರೆ ಮಾಡುತ್ತಾನೆ, ಚಿಪ್ಪಿನವನು ಅದನ್ನು ತುಂಬುತ್ತಾನೆ, ಬೆಳ್ಳಿಯವನು ಪಟ್ಟಿ ಸುತ್ತಿ ಬಿಗಿಯುತ್ತಾನೆ. ಒರೆಯ ಮೇಲಿನ ಬೆಳ್ಳಿ ಪಟ್ಟಿಗಳು ಬರೀ ಅಲಂಕಾರ ಅಂದುಕೊಳ್ಳಬೇಡಿ. ಎರಡು ಹೋಳು ಬಿಚ್ಚಿಕೊಳ್ಳದ ಹಾಗೆ ಹಿಡಿದಿರುವುದೇ ಅವು.

ಹಾಂಗ್ ಖಾಯ್ ಬೀದಿಯ ಪಕ್ಕದಲ್ಲೇ ಹೋವಾನ್ ಕಿಯೆಮ್ ಕೆರೆ. ಕತ್ತಿಯನ್ನು ಮರಳಿಸಿದ ಕೆರೆ ಅಂತ ಅದರ ಹೆಸರು. ವಿಯೆಟ್ನಾಮಿನ ಪ್ರತಿ ಮಗುವಿಗೂ ಗೊತ್ತಿರುವ ಕಥೆ ಇದು. 15ನೇ ಶತಮಾನದ ಆರಂಭದಲ್ಲಿ ದೇಶ ಚೀನಾದ ಮಿಂಗ್ ದೊರೆಗಳ ಕೈಯಲ್ಲಿತ್ತು. 1418ರಲ್ಲಿ ಥಾನ್ ಹೋವಾ ಸೀಮೆಯ ಲಾಮ್ ಸೋನ್‌ನಲ್ಲಿ ಲೇ ಲೋಯ್ ಎಂಬ ಜಮೀನುದಾರ ದಂಗೆ ಎದ್ದ. ಸುಮಾರು ಹತ್ತು ವರ್ಷ ಹೋರಾಡಿ ಗೆದ್ದು 1428ರಲ್ಲಿ ದೊರೆಯಾದ. ಇದು ಇತಿಹಾಸ. ಕಥೆ ಹೀಗಿದೆ. ಲೇ ಥಾನ್ ಎಂಬ ಬೆಸ್ತ ರಾತ್ರಿ ಬಲೆ ಬೀಸಿದ. ಭಾರವಾದ ಏನೋ ಸಿಕ್ಕಿತು. ನೋಡಿದರೆ ಒಂದು ಕಬ್ಬಿಣದ ಪಟ್ಟಿ. ಎಸೆದ. ಬೇರೆ ಜಾಗದಲ್ಲಿ ಬಲೆ ಬೀಸಿದರೂ ಅದೇ ಬಂತು. ಮೂರನೇ ಸಲವೂ ಅದೇ. ಆಗ ಗಮನಿಸಿದ, ಅದು ಹಿಡಿಯಿಲ್ಲದ ಕತ್ತಿಯ ಅಲಗು. ಮನೆಗೆ ತಂದು ಇಟ್ಟ. ಮುಂದೆ ಅವನು ಲೇ ಲೋಯ್ ದಂಡು ಸೇರಿದ. ಒಮ್ಮೆ ಲೇ ಲೋಯ್ ಶತ್ರುಗಳಿಂದ ತಪ್ಪಿಸಿಕೊಂಡು ಕಾಡಿಗೆ ನುಗ್ಗಿದಾಗ ಆಲದ ಮರದ ಮೇಲೆ ಏನೋ ಹೊಳೆಯಿತು. ಹತ್ತಿ ನೋಡಿದರೆ ಹರಳು ಕೂರಿಸಿದ ಹಿಡಿ, ಅಲಗಿಲ್ಲದ್ದು. ಎರಡನ್ನೂ ತಂದು ಕೂಡಿಸಿದರೆ ಒಂದಕ್ಕೊಂದು ಸರಿಯಾಗಿ ಕೂತವು.

ಗೆದ್ದ ಮೇಲೆ ದೊರೆ ಕೆರೆಯಲ್ಲಿ ದೋಣಿ ವಿಹಾರ ಮಾಡುತ್ತಿದ್ದಾಗ ಚಿನ್ನದ ಆಮೆ ಎದ್ದು ಬಂದು ಕತ್ತಿಯನ್ನು ವಾಪಸು ಕೇಳಿತು. ದೊರೆ ಕೊಟ್ಟ. ಸಾಮಾನ್ಯವಾಗಿ ಎಲ್ಲರೂ ಈ ಕೊನೆಯ ಭಾಗವನ್ನೇ ಹೇಳುತ್ತಾರೆ. ನನಗೆ ಮೊದಲ ಭಾಗ ಜಾಸ್ತಿ ಇಷ್ಟ. ಬೆಟ್ಟದ ನೆಲ್ಲಿಕಾಯಿ, ಸಮುದ್ರದ ಉಪ್ಪು ಅಂತೀವಲ್ಲ, ಹಾಗೆ ಅಲಗು ಬಂದದ್ದು ನೀರಿನಿಂದ, ಹಿಡಿ ಬಂದದ್ದು ಕಾಡಿನಿಂದ. ಒಂದು ಬೆಸ್ತನ ಕೈಗೆ ಸಿಕ್ಕಿತು, ಇನ್ನೊಂದು ದಂಡನಾಯಕನ ಕೈಗೆ. ಆ ನಾಡಿನ ಅತಿ ಪವಿತ್ರವಾದ ಕತ್ತಿಯೇ ಬಿಡಿ ಭಾಗಗಳನ್ನು ಕೂಡಿಸಿ ಆದದ್ದು. ಹಾಗಿರುವಾಗ ಬೆರಕೆ ಅನ್ನುವುದು ಅಲ್ಲಿ ಕುಂದು ಹೇಗಾದೀತು?

ಭಾಗಗಳು ಹೊರಗಿನಿಂದ ಬಂದ ದಾರಿಗಳನ್ನು ನೋಡಿದರೂ ಇದೇ ಕಾಣುತ್ತದೆ. 17ನೇ ಶತಮಾನದಲ್ಲಿ ಹೋಯ್ ಆನ್ ಬಂದರಿನಲ್ಲಿ ಜಪಾನಿ ವ್ಯಾಪಾರಿಗಳ ಒಂದು ಕೇರಿಯೇ ಇತ್ತು. ಅವರ ಹೆಸರಿನ ಸೇತುವೆ ಇವತ್ತಿಗೂ ಇದೆ, 20,000 ಡಾಂಗ್ ನೋಟಿನ ಮೇಲೆ ಅದರ ಚಿತ್ರವೂ ಇದೆ. ಆ ಕಾಲದಿಂದ ಜಪಾನಿ ಅಲಗುಗಳೂ ಜಪಾನಿ ರೀತಿಯೂ ಈ ಕಡೆ ಬಂದವು. ಹಳೆಯ ಗುವೊಮ್‌ಗಳ ಬಿಲ್ಲೆಯಲ್ಲಿ ಅದರ ನೆರಳು ಕಾಣುತ್ತದೆ.

ಆಮೇಲೆ ಬಂದದ್ದು ಫ್ರಾನ್ಸ್. 1802ರಲ್ಲಿ ನ್ಗುಯೆನ್ ರಾಜಮನೆತನ ಶುರುಮಾಡಿದ ಜಿಯಾ ಲಾಂಗ್ ದೊರೆಯ ಬಳಿ ಫ್ರೆಂಚ್ ನಾವಿಕರೂ ಎಂಜಿನಿಯರುಗಳೂ ಇದ್ದರು. 1805ರಲ್ಲಿ ರಾಜಧಾನಿ ಹ್ವೇ ನಗರದ ಕೋಟೆ ಕಟ್ಟಲು ಶುರುವಾಯಿತು. ಅದರ ಗೋಡೆಯ ಮೂಲೆಗಳ ಬುರುಜುಗಳು ಫ್ರಾನ್ಸಿನ ಕೋಟೆ ಎಂಜಿನಿಯರ್ ವೋಬಾನ್‌ನ ರೀತಿಯವು. ಆದರೆ ಕೋಟೆ ಯಾವ ದಿಕ್ಕಿಗೆ ಮುಖ ಮಾಡಬೇಕು, ಎದುರಿಗೆ ಯಾವ ಬೆಟ್ಟ ಇರಬೇಕು, ನದಿ ಎಲ್ಲಿ ಹರಿಯಬೇಕು ಅನ್ನುವುದೆಲ್ಲ ಅಲ್ಲಿನ ಜೋಯಿಸರ ಶಾಸ್ತ್ರದ ಪ್ರಕಾರ. ಅದೇ ಕಾಲದ ಅಧಿಕಾರಿಯ ಕತ್ತಿಯೂ ಹೀಗೆಯೇ ಕಟ್ಟಿದ್ದು. ಯುರೋಪಿನ ಬೆರಳು ಪಟ್ಟಿ, ಕೆಲವೊಮ್ಮೆ ಯುರೋಪಿನದೇ ಅಲಗು, ಆದರೆ ಸಿಂಹದ ತಲೆ, ಬೆಳ್ಳಿಯ ಕುಸುರಿ, ಚಿಪ್ಪಿನ ಒರೆ ಎಲ್ಲ ಅಲ್ಲಿನವು. ಹೊರಗಿನದನ್ನು ತಮ್ಮ ಅಳತೆಗೆ ಕತ್ತರಿಸಿಕೊಂಡು ಕೂರಿಸಿದ್ದಾರೆ. ನಮ್ಮ ದಕ್ಷಿಣದ ಕತ್ತಿಗಳಲ್ಲೂ ಯುರೋಪಿನ ಅಲಗಿಗೆ ಇಲ್ಲಿನ ಹಿಡಿ ಹಾಕಿದವು ಎಷ್ಟೋ ಇವೆ. ಅವನ್ನು ನಮ್ಮದಲ್ಲ ಅಂತ ಯಾರೂ ಅನ್ನುವುದಿಲ್ಲ ಅಲ್ವಾ?

ಅಲ್ಲಿನ ಕಮ್ಮಾರರ ಅಲಗು ಕಳಪೆ ಅಂತ ಮಾತ್ರ ಯಾರೂ ತಿಳಿಯಬಾರದು. ಒಳ್ಳೆಯ ಸ್ಥಳೀಯ ಅಲಗುಗಳಲ್ಲಿ ಹರಿತದ ಕಡೆಗೆ ಗಟ್ಟಿ ಉಕ್ಕು, ಎರಡೂ ಪಕ್ಕ ಮೆದು ಕಬ್ಬಿಣ. ಗಟ್ಟಿ ಉಕ್ಕು ಹರಿತ ಹಿಡಿದಿಡುತ್ತದೆ, ಮೆದು ಕಬ್ಬಿಣ ಪೆಟ್ಟು ತಾಳಿಕೊಳ್ಳುತ್ತದೆ. ಸರಿಯಾಗಿ ಉಜ್ಜಿದ ಅಲಗನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದರೆ ಎರಡೂ ಸೇರುವ ಜಾಗದಲ್ಲಿ ಬಣ್ಣ ಬದಲಾಗುವ ಒಂದು ಗೆರೆ ಕಾಣುತ್ತದೆ. ಆ ಗೆರೆ ಕಂಡ ದಿನ ನನಗೆ ಊಟವೂ ರುಚಿಯಾಗಿರುತ್ತದೆ. ಹನೋಯ್ ಅಂಚಿನ ದಾ ಸಿ, ಹ್ವೇ ಹತ್ತಿರದ ಹಿಯೆನ್ ಲುವೊಂಗ್ ಹಳೇ ಕಮ್ಮಾರಿಕೆಯ ಊರುಗಳು. ದಾ ಸಿಯಲ್ಲಿ ಈಗ ಹೆಚ್ಚಾಗಿ ಅಡುಗೆಮನೆಯ ಚಾಕು, ಮಚ್ಚು ಮಾಡುತ್ತಾರೆ. ಇನ್ನೂ ಹಿಂದಕ್ಕೆ, ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಹೋದರೆ ದೋಂಗ್ ಸೋನ್ ಕಾಲದ ಕಂಚಿನ ಕಿರುಗತ್ತಿಗಳಿವೆ. ಥಾನ್ ಹೋವಾದ ನುವಾ ಬೆಟ್ಟದಲ್ಲಿ ಸಿಕ್ಕಿದ ಒಂದರ ಹಿಡಿಯೇ ನಿಂತ ಹೆಂಗಸಿನ ಆಕಾರದಲ್ಲಿದೆ. ಆಕೆಯ ಲಂಗ, ಓಲೆ ಎಲ್ಲ ಕಾಣುತ್ತದೆ. ಅದನ್ನು ಅಲ್ಲಿ ರಾಷ್ಟ್ರೀಯ ನಿಧಿ ಅಂತ ಘೋಷಿಸಿದ್ದಾರೆ.

ಈಗ ಕಷ್ಟದ ಮಾತಿಗೆ ಬರಬೇಕು. 1885ರ ಜುಲೈ 5ರ ಬೆಳಗಿನ ಜಾವ ಹ್ವೇ ನಗರದಲ್ಲಿ ಮಂತ್ರಿ ಟೋನ್ ಥಾತ್ ಥುಯೆತ್‌ನ ಪಡೆ ಫ್ರೆಂಚ್ ದಂಡಿನ ಮೇಲೆ ಎರಗಿತು. ಬೆಳಗಾಗುವ ಹೊತ್ತಿಗೆ ಫ್ರೆಂಚರು ತಿರುಗಿಬಿದ್ದು ಕೋಟೆಯನ್ನು ಹಿಡಿದರು. ಹದಿಹರೆಯದ ದೊರೆ ಹಾಮ್ ನ್ಗಿಯನ್ನು ಕರೆದುಕೊಂಡು ಮಂತ್ರಿ ಬೆಟ್ಟದ ಕಡೆ ಹೋದ. ಅರಮನೆ ಲೂಟಿಯಾಯಿತು. ದಂಡಿನವರೂ ಊರಿನವರೂ ಸೇರಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಹಾಮ್ ನ್ಗಿ 1888ರಲ್ಲಿ ಸೆರೆಸಿಕ್ಕಿ ಅಲ್ಜೀರಿಯಾಕ್ಕೆ ಗಡೀಪಾರಾದ. ಹ್ವೇ ಜನ ಇವತ್ತಿಗೂ ಚಾಂದ್ರಮಾನದ ಐದನೇ ತಿಂಗಳ 23ರಂದು ಮನೆ ಮುಂದೆ ಎಡೆ ಇಟ್ಟು ಆ ದಿನ ಸತ್ತವರನ್ನು ನೆನೆಯುತ್ತಾರೆ. ಯಾರ ಮನೆಯವರು ಅಂತಿಲ್ಲ, ಎಲ್ಲರಿಗೂ ಎಡೆ.

ಪ್ಯಾರಿಸ್ಸಿನ ಸೇನಾ ಮ್ಯೂಸಿಯಂನಲ್ಲಿ ನ್ಗುಯೆನ್ ಅರಮನೆಯ ಕತ್ತಿಯ ಮುಂದೆ ನಿಂತಾಗ ನನಗೆ ಶ್ರೀರಂಗಪಟ್ಟಣ ನೆನಪಾಗುತ್ತದೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಟಿಪ್ಪುವಿನ ಅರಮನೆಯಿಂದ ಹೋದ ಕತ್ತಿಗಳಲ್ಲಿ ಒಂದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಮಾರಾಟವಾಯಿತು. ಆ ಸುದ್ದಿ ಓದಿದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಹೊಟ್ಟೆಯಲ್ಲಿ ಏನೋ ಚುಚ್ಚಿದಂತಾಯಿತು. ಹ್ವೇ ಊರಿನವರಿಗೂ ಹಾಗೇ ಆಗುತ್ತದಲ್ಲ? ಅದಕ್ಕೇ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಅರಮನೆಯದು ಅನ್ನಿಸುವ ಕತ್ತಿ ಎಷ್ಟೇ ಅಗ್ಗಕ್ಕೆ ಬಂದರೂ ನಾನು ಕೊಳ್ಳುವುದಿಲ್ಲ. ಚಿನ್ನ, ಐದು ಉಗುರಿನ ಡ್ರ್ಯಾಗನ್, ಜೇಡ್ ಹಿಡಿ ಕಂಡರೆ ಫೋಟೋ ತೆಗೆದು, ಟಿಪ್ಪಣಿ ಬರೆದು, ಹಿಂದಿರುಗಿಸಿ ಕೊಡುತ್ತೇನೆ. ಅಂಥವು ತಮ್ಮ ಊರಿಗೆ ಹೋಗಬೇಕು. ಬೇರೆ ಸಂಗ್ರಾಹಕರು ಒಪ್ಪದಿರಬಹುದು. ನನ್ನ ಮನಸ್ಸಿಗೆ ಇದೇ ಸರಿ.

ಮರಳುವ ದಾರಿ ಇದೆ ಅನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆಯೂ ಇದೆ. 1945ರ ಆಗಸ್ಟ್ 30ರಂದು ಕೊನೆಯ ದೊರೆ ಬಾವೊ ದಾಯ್ ಹ್ವೇ ಅರಮನೆಯ ದಕ್ಷಿಣ ದ್ವಾರದ ಮೇಲೆ ನಿಂತು ಸಿಂಹಾಸನ ಬಿಟ್ಟುಕೊಟ್ಟ. ಗುಲಾಮ ದೇಶಕ್ಕೆ ದೊರೆಯಾಗಿರುವುದಕ್ಕಿಂತ ಸ್ವತಂತ್ರ ದೇಶದ ಪ್ರಜೆಯಾಗಿರುವುದು ಮೇಲು ಅಂತ ತನ್ನ ಘೋಷಣೆಯಲ್ಲಿ ಹೇಳಿದ. ಹೊಸ ಸರ್ಕಾರದ ಪರವಾಗಿ ಬಂದಿದ್ದ ತ್ರಾನ್ ಹುಯ್ ಲಿಯೆವ್ ಕೈಗೆ ಎರಡು ವಸ್ತು ಕೊಟ್ಟ. ಒಂದು, 1823ರಲ್ಲಿ ಮಿನ್ ಮಾಂಗ್ ದೊರೆ ಎರಕ ಹೊಯ್ಯಿಸಿದ್ದ ಚಿನ್ನದ ಮುದ್ರೆ. ತೂಕ 10.78 ಕಿಲೋ. ಇನ್ನೊಂದು, ಅವನ ತಂದೆ ಖಾಯ್ ದಿನ್ ಕಾಲದ ಕತ್ತಿ. ಜನರಿಗೆ ನೆಮ್ಮದಿ ಕೊಡುವ ಕತ್ತಿ ಅಂತ ಅದರ ಹೆಸರು.

ಮುಂದೆ ಫ್ರೆಂಚರ ಜೊತೆ ಯುದ್ಧ ಶುರುವಾಯಿತು. ಎರಡನ್ನೂ ಎಲ್ಲೋ ಬಚ್ಚಿಟ್ಟರು. 1952ರಲ್ಲಿ ಹನೋಯ್ ಬಳಿ ಫ್ರೆಂಚ್ ಸಿಪಾಯಿಗಳಿಗೆ ಅವು ಸಿಕ್ಕಿದವು. ಕತ್ತಿ ಮುರಿದಿತ್ತು. ಫ್ರೆಂಚರು ಎರಡನ್ನೂ ಬಾವೊ ದಾಯ್‌ಗೆ ಮರಳಿಸಿದರು, ಅವನ ಕಡೆಯವರು ಕತ್ತಿಯನ್ನು ಬೆಸೆಸಿದರು. ನಂತರ ಎರಡೂ ಫ್ರಾನ್ಸ್ ಸೇರಿದವು. 2022ರಲ್ಲಿ ಆ ಮುದ್ರೆ ಪ್ಯಾರಿಸ್ ಹರಾಜಿನ ಪಟ್ಟಿಯಲ್ಲಿ ಕಾಣಿಸಿಕೊಂಡಾಗ ವಿಯೆಟ್ನಾಮಿನಲ್ಲಿ ದೊಡ್ಡ ಗದ್ದಲವಾಯಿತು. ಮಾತುಕತೆ ನಡೆದು ಹರಾಜು ನಿಂತಿತು. 2023ರ ನವೆಂಬರಿನಲ್ಲಿ ಮುದ್ರೆ ಊರಿಗೆ ಮರಳಿತು. ಕೊಂಡು ತಂದವರು ಅಲ್ಲಿನ ಒಬ್ಬ ಖಾಸಗಿ ಸಂಗ್ರಾಹಕರು. ಸಂಗ್ರಹ ಅನ್ನುವ ಕೆಲಸದ ಮೇಲೆ ನನಗೆ ಗೌರವ ಹೆಚ್ಚಾಗಿದ್ದು ಆಗಲೇ.

ಅರಮನೆಯ ಮಾತಾಯಿತು, ಬಡವರ ಕತ್ತಿಯ ಮಾತನ್ನೂ ಹೇಳಬೇಕು. ಮಾ ತಾವ್ ಅನ್ನುವ ಅಗಲ ಅಲಗಿನ ಒರಟು ಕತ್ತಿ ಇದೆ. ಬೆಳ್ಳಿ ಇಲ್ಲ, ಚಿಪ್ಪಿಲ್ಲ. ಹಳ್ಳಿಯ ಕುಲುಮೆಯಲ್ಲಿ ಆದದ್ದು. 1946ರ ಡಿಸೆಂಬರಿನಲ್ಲಿ ಫ್ರೆಂಚರ ವಿರುದ್ಧ ಇಡೀ ದೇಶವನ್ನು ಹೋರಾಟಕ್ಕೆ ಕರೆದಾಗ ಹೋ ಚಿ ಮಿನ್ ಹೇಳಿದ್ದು ಇಷ್ಟು: ಬಂದೂಕು ಇದ್ದವರು ಬಂದೂಕು ಹಿಡಿಯಿರಿ, ಕತ್ತಿ ಇದ್ದವರು ಕತ್ತಿ ಹಿಡಿಯಿರಿ, ಕತ್ತಿಯೂ ಇಲ್ಲದವರು ಗುದ್ದಲಿ, ಸಲಿಕೆ, ದೊಣ್ಣೆ ಹಿಡಿಯಿರಿ. ಹರಾಜಿನಲ್ಲಿ ಈ ಮಾ ತಾವ್‌ಗಳನ್ನು ಯಾರೂ ಕೇಳುವುದಿಲ್ಲ. ನನಗೆ ಅವುಗಳ ಮೇಲೆ ವಿಶೇಷ ಪ್ರೀತಿ. ಹಿಡಿಗೆ ಸುತ್ತಿದ ಬಳ್ಳಿ, ಸುತ್ತಿಗೆ ಪೆಟ್ಟಿನ ಗುರುತು ಉಳಿದಿರುವ ಅಲಗು, ಇವುಗಳಲ್ಲಿ ಮಾಡಿದವನ ಕೈ ನೇರವಾಗಿ ಕಾಣುತ್ತದೆ.

ಅಲ್ಲಿನ ಜನರ ಪೂಜೆಯಲ್ಲೂ ಕತ್ತಿಗೆ ಜಾಗ ಇದೆ. ಹಳ್ಳಿಯ ಊರದೇವರ ಗುಡಿಯಲ್ಲಿ ಕೆಂಪು, ಚಿನ್ನದ ಬಣ್ಣ ಬಳಿದ ಮರದ ಆಯುಧಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಅಮ್ಮನವರ ಪಂಥದಲ್ಲಿ ಮೈಮೇಲೆ ದೇವರು ಬಂದಾಗ ಕತ್ತಿ ಹಿಡಿದು ಕುಣಿಯುತ್ತಾರೆ. ಆಯುಧಪೂಜೆ ಮಾಡುವ ಮನೆಯಿಂದ ಬಂದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನನ್ನ ಹತ್ತಿರ ಇರುವುದು ದೊಡ್ಡ ಸಂಗ್ರಹವಲ್ಲ. ಅದರಲ್ಲಿ ಹೆಚ್ಚು ಪ್ರೀತಿಯದು ತೆಳು ಅಲಗಿನ ಒಂದು ಕಿಯೆಮ್. ಅಲಗು ಯುರೋಪಿನದು. ಬುಡದಲ್ಲಿ ಅರ್ಧ ಅಳಿಸಿದ ಅಕ್ಷರಗಳಿವೆ. ಉದ್ದ ಕಡಿಮೆ ಮಾಡಿ, ತುದಿಯನ್ನು ಹೊಸದಾಗಿ ಮಸೆದಿದ್ದಾರೆ. ಬೆಳ್ಳಿಯ ಸಿಂಹದ ಒಂದು ಕಡೆಯ ಕೆನ್ನೆ ಸವೆದು ನುಣುಪಾಗಿದೆ. ಯಾರೋ ಅದರ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ವರ್ಷಗಟ್ಟಲೆ ಓಡಾಡಿದ್ದಾರೆ. ಒರೆಯಲ್ಲಿ ಪ್ಲಮ್ ಹೂವು, ಬಿದಿರು, ಎರಡು ಚಿಟ್ಟೆ. ಮಾರಾಟಕ್ಕೆಂದೇ ಮಾಡಿದ ಕತ್ತಿಯಲ್ಲಿ ಇಂಥ ಸವೆತ ಇರುವುದಿಲ್ಲ.

ಹೊಸಬರು ಅಸಲಿ ಹೇಗೆ ಗುರುತಿಸುವುದು ಅಂತ ಕೇಳುತ್ತಾರೆ. ನಾನು ಮೊದಲು ನೋಡುವುದು ಬೆಳ್ಳಿಯನ್ನು. ಕೈಯಲ್ಲಿ ಚಾಣ ಹಿಡಿದು ಮಾಡಿದ ಕುಸುರಿಯಲ್ಲಿ ಯಾವ ಎರಡು ಎಲೆಯೂ ಒಂದೇ ಥರ ಇರುವುದಿಲ್ಲ. ಅಚ್ಚಿನಲ್ಲಿ ಹೊಯ್ದದ್ದಾದರೆ ಎಲ್ಲ ಎಲೆಗೂ ಒಂದೇ ಮುಖ, ಅಂಚು ಮೊಂಡು. ಆಮೇಲೆ ಚಿಪ್ಪು. ಹಳೇ ಚಿಪ್ಪು ತೆಳುವಾಗಿರುತ್ತದೆ, ಮೇಲಿನ ಕೊರೆತ ಸವೆದಿರುತ್ತದೆ. ಆಮೇಲೆ ಹಿಡಿಗೂ ಅಲಗಿಗೂ ನಡುವಿನ ಸಂದು. ಹಳೆಯ ಕೊಳೆ, ಹಳೆಯ ಅಂಟು ಅಲ್ಲಿ ಉಳಿದಿರುತ್ತದೆ. ಕೊನೆಗೆ ಒರೆಗೂ ಅಲಗಿಗೂ ಹೊಂದಾಣಿಕೆ ಇದೆಯಾ ಅಂತ. ಬೇರೆ ಕತ್ತಿಯ ಒರೆ ತಂದು ಸಿಕ್ಕಿಸಿದ್ದರೆ ಬಾಗು ಎಲ್ಲೋ ತಪ್ಪುತ್ತದೆ. ಹಿಡಿ ಆನೆದಂತದ್ದೋ ಆಮೆಚಿಪ್ಪಿನದೋ ಆದರೆ ಕಾಗದಪತ್ರ ಸರಿಯಿಲ್ಲದೆ ಮುಟ್ಟಬೇಡಿ. ವಿಯೆಟ್ನಾಮಿಗೆ ಪ್ರವಾಸ ಹೋದಾಗ ಹಳೇ ಕತ್ತಿ ಕೊಂಡು ತರುವ ಆಸೆಯನ್ನೂ ಬಿಡಿ. ಪ್ರಾಚೀನ ವಸ್ತುಗಳನ್ನು ಹೊರಗೆ ಒಯ್ಯುವುದಕ್ಕೆ ಅಲ್ಲಿನ ಕಾನೂನು ಬಿಡುವುದಿಲ್ಲ. ಬಿಡಬಾರದು ಕೂಡ. ಭಾರತದಲ್ಲಿ ಇರುವವರು ನಮ್ಮ ಶಸ್ತ್ರಾಸ್ತ್ರ ಕಾಯ್ದೆಯನ್ನೂ ತಿಳಿದುಕೊಂಡೇ ಮುಂದುವರಿಯಬೇಕು.

ಇಟ್ಟುಕೊಂಡವರಿಗೆ ದೊಡ್ಡ ಚಿಂತೆ ಚಳಿಗಾಲ. ಸೆಕೆ ನಾಡಿನ ಒದ್ದೆ ಗಾಳಿಯಲ್ಲಿ ಬೆಳೆದ ಮರ, ಇಲ್ಲಿನ ಹೀಟರ್ ಹಾಕಿದ ಕೋಣೆಯಲ್ಲಿ ಒಣಗಿ ಕುಗ್ಗುತ್ತದೆ. ಚಿಪ್ಪು ಕುಗ್ಗುವುದಿಲ್ಲ. ಮರ ಕುಗ್ಗಿದಾಗ ಅದು ಟಪ್ ಅಂತ ಎದ್ದು ಬರುತ್ತದೆ. ಹಾಗಾಗಿ ನಾನು ಕತ್ತಿಗಳನ್ನು ಹೀಟರ್ ಇಲ್ಲದ ಕೋಣೆಯಲ್ಲಿ, ತೇವ ಅಳೆಯುವ ಮೀಟರ್ ಪಕ್ಕದಲ್ಲಿ ಇಡುತ್ತೇನೆ. ಗಾಳಿಯ ತೇವ ಮೀಟರಿನಲ್ಲಿ ಶೇಕಡಾ 50ರ ಹತ್ತಿರ ಇದ್ದರೆ ಮರ, ಚಿಪ್ಪು, ಉಕ್ಕು ಮೂರಕ್ಕೂ ಒಪ್ಪಿಗೆ. ಅಲಗಿಗೆ ತೆಳುವಾಗಿ ಎಣ್ಣೆ. ಬೆಳ್ಳಿಗೆ ಪಾಲಿಶ್ ಬೇಡ, ಒಣ ಬಟ್ಟೆ ಸಾಕು. ಎದ್ದು ಬಂದ ಚಿಪ್ಪನ್ನು ಫೆವಿಕ್ವಿಕ್ಕಿನಂಥ ಅಂಟಿನಲ್ಲಿ ಯಾವತ್ತೂ ಅಂಟಿಸಬೇಡಿ. ಮುಂದೆ ಸರಿಯಾಗಿ ರಿಪೇರಿ ಮಾಡುವವರಿಗೆ ಅದನ್ನು ಬಿಡಿಸಲು ಆಗುವುದಿಲ್ಲ. ಒಂದು ಲಕೋಟೆಯಲ್ಲಿ ಹಾಕಿ, ಯಾವ ಗುಳಿಯದು ಅಂತ ಮೇಲೆ ಬರೆದಿಡಿ. ನನ್ನ ಕಿಯೆಮ್‌ನ ಒರೆಯಲ್ಲಿ ಒಂದು ಚಿಟ್ಟೆಯ ರೆಕ್ಕೆ ನನ್ನ ಕೈಗೆ ಬರುವ ಮುಂಚೆಯೇ ಬಿದ್ದುಹೋಗಿತ್ತು. ಆ ಗುಳಿಯ ಆಕಾರವನ್ನು ಕಾಗದಕ್ಕೆ ಇಳಿಸಿಕೊಂಡಿದ್ದೇನೆ. ಮುಂದಿನ ಸಲ ಹನೋಯ್‌ಗೆ ಹೋದಾಗ ಚುವಾನ್ ನ್ಗೊದಲ್ಲಿ ಯಾರಾದರೂ ಹಿರಿಯ ಕೆಲಸಗಾರರಿಗೆ ತೋರಿಸಿ, ಅದೇ ಬಣ್ಣದ ಚಿಪ್ಪಿನಲ್ಲಿ ರೆಕ್ಕೆ ಕೊಯ್ದು ಕೊಡುತ್ತೀರಾ ಅಂತ ಕೇಳಬೇಕು.